ಗಿಡ್ಡ ಭತ್ತದ ಚೀಲ

"ಚೀಲ ಬಿಡಿ ಅತ್ತಿಗೆ. ಅಣ್ಣ ಇದ್ದಿದ್ರೆ ಈ ಗಿಡ್ಡ ಭತ್ತಾನ ಬದು ಹತ್ತೋಕೂ ಬಿಡ್ತಿರ್ಲಿಲ್ಲ."

ಬೀಜದಂಗಡಿಯ ಕಟ್ಟೆ ಮೇಲೆ ಚೀಲ. ಅದರ ಒಂದು ಮೂಲೆ ಅತ್ತಿಗೆಯ ಕೈಲಿ, ಇನ್ನೊಂದು ಮೈದುನನ ಕೈಲಿ. ಅಂಗಡಿಯವ ದಾರ ಹಿಡಿದು ನಿಂತಿದ್ದ. ಗಂಡ ಹೋದ ಮೇಲೆ ಗದ್ದೆ ಅವಳದಾಗಿತ್ತು, ಗದ್ದೆ ಬಗ್ಗೆ ಮಾತು ಮಾತ್ರ ಊರವರೆಲ್ಲರದು. ಮೊದಲ ಬೆಳೆ ಕೈಕೊಟ್ಟಿತ್ತು. ಎರಡನೇದೂ ಹೋದರೆ ಗದ್ದೇನ ಬೇರೆಯವರಿಗೆ ಬಿಡಬೇಕು. ಅದು ಅವಳಿಗೆ ಬೇಕಿರಲಿಲ್ಲ.

ಅತ್ತಿಗೆ: ಹೋದ ಸಲ ನಿಮ್ಮಣ್ಣನ ಭತ್ತಾನೇ ಹಾಕಿದ್ದೆ. ಒಂದು ಗಾಳಿ ಬೀಸ್ತು, ಮಲಗಿಬಿಡ್ತು. ಕೆಸರಲ್ಲೇ ಮೊಳಕೆ ಬಂತು. ಎತ್ತಿ ಕಟ್ಟೋಕೆ ನಿಮ್ಮಣ್ಣ ಇರಲಿಲ್ಲ. ನೀನಿದ್ದೆ, ಬರಲಿಲ್ಲ.

ಮೈದುನ: ಸೊಂಟ ಹಿಡ್ಕೊಂಡಿತ್ತು.

ಅತ್ತಿಗೆ: ಹುಲ್ಲು ಹೊರೋವಾಗ ಬಿಟ್ಟಿತ್ತು.

ಅಂಗಡಿಯವ: ಕಟ್ಟಲಾ ಅಮ್ಮಾ?

ಮೈದುನ: ಬೇಡ.

ಅತ್ತಿಗೆ: ಕಟ್ಟಿ.

ಗಂಟು ಅರ್ಧಕ್ಕೆ ನಿಂತಿತು. ಇವನಿಗೆ ಇಳುವರಿ ಚಿಂತೆ ಇರಬೇಕು ಅಂದುಕೊಂಡ ಅಂಗಡಿಯವ.

ಅಂಗಡಿಯವ: ಅಣ್ಣಾ, ಇದು ಸುಧಾರಿಸಿದ ತಳಿ. ಹಳೇದು ಹತ್ತು ಮೂಟೆ ಕೊಡೋ ಕಡೆ ಇದು ಹದಿನೈದು ಕೊಡುತ್ತೆ.

ಮೈದುನ: ಕೊಡ್ಲಿ.

ಅಂಗಡಿಯವ: ಬೆಂಕಿರೋಗ ತಡ್ಕೊಳ್ಳುತ್ತೆ.

ಮೈದುನ: ತಡ್ಕೊಳ್ಳಲಿ.

ಅಂಗಡಿಯವ: ಅನ್ನಾನೂ ಉದುರುದುರಾಗುತ್ತೆ.

ಮೈದುನ: ನಾನೇನು ಉಪವಾಸ ಇದ್ದೀನಾ?

ಅಂಗಡಿಯವ: ಕಾಂಡ ಗಟ್ಟಿ. ಸೊಂಟದ ಮೇಲೆ ಬೆಳೆಯಲ್ಲ, ಗಾಳಿಗೆ ಬೀಳಲ್ಲ. ತಿಂದ ಗೊಬ್ಬರಾನೆಲ್ಲ ಕಾಳಿಗೆ ಹಾಕುತ್ತೆ, ಹುಲ್ಲಿಗೆ ಹಾಕಲ್ಲ.

ಮೈದುನನ ಮುಖ ಬಾಡಿತು.

ಮೈದುನ: ಕೇಳಿದ್ರಾ ಅತ್ತಿಗೆ? ಅವರ ಬಾಯಲ್ಲೇ ಬಂತು.

ಅತ್ತಿಗೆ: ಒಳ್ಳೇದೇ ಬಂತಲ್ಲ.

ಮೈದುನ: ಅಣ್ಣನ ಭತ್ತ ಆಳೆತ್ತರ. ಒಳಗೆ ನಿಂತ್ರೆ ಅಣ್ಣ ಕಾಣ್ತಾನೇ ಇರಲಿಲ್ಲ. ಆ ಭತ್ತ ನೋಡಿದ್ರೆ ಅಣ್ಣನ್ನೇ ನೋಡಿದ ಹಾಗಾಗುತ್ತೆ.

ಅತ್ತಿಗೆ: ಕಾಣದೇ ಇದ್ದೋನನ್ನ ಹೇಗೆ ನೋಡ್ತಿದ್ದೆ?

ಮೈದುನ ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡ. ಟವೆಲ್ ಒಣಗೇ ಇತ್ತು. ಆದರೂ ಅಂಗಡಿಯವ ನಂಬಿಬಿಟ್ಟ.

ಅಂಗಡಿಯವ: ಪಾಪ, ಒಡಹುಟ್ಟಿದೋರು. ಒಂದು ಕೆಲಸ ಮಾಡಿ ಅಣ್ಣಾ, ಹಳೇ ಭತ್ತ ಒಂದು ಹಿಡಿ ಗಾಜಿನ ಭರಣೀಲಿ ಹಾಕಿ ಮನೇಲಿಟ್ಕೊಳ್ಳಿ.

ಮೈದುನ: ಭರಣಿ ಮುಂದಿಟ್ರೆ ತಿಂತಾವಾ?

ಅಂಗಡಿಯವ: ಯಾವುವು?

ಮೈದುನ ನಾಲಿಗೆ ಕಚ್ಚಿಕೊಂಡ.

ಅತ್ತಿಗೆ: ಎರಡು ಎಮ್ಮೆ, ಒಂದು ಕರು. ನಮ್ಮ ಗದ್ದೆ ಹುಲ್ಲೆಲ್ಲ ಇವನ ಕೊಟ್ಟಿಗೆಗೇ ಹೋಗೋದು.

ಅಂಗಡಿಯವ: ಇದಕ್ಕೂ ಹುಲ್ಲು ಬರುತ್ತಣ್ಣಾ. ಗಿಡ್ಡ, ಅಷ್ಟೇ.

ಮೈದುನ: ಎಮ್ಮೆ ಗಿಡ್ಡ ಇಲ್ವಲ್ಲ!

ಅತ್ತಿಗೆ: ನೋಡು, ಈ ಸಲಾನೂ ಹುಲ್ಲು ನಿಂಗೇ. ಆದ್ರೆ ಕೊಯ್ಲಿಗೆ ಬರಬೇಕು.

ಮೈದುನ: ನನ್ನ ಸೊಂಟ...

ಅತ್ತಿಗೆ: ಭತ್ತ ಗಿಡ್ಡ. ಪೂರಾ ಬಗ್ಗಬೇಕಾಗುತ್ತೆ. ಈಗಿಂದಲೇ ಅಭ್ಯಾಸ ಮಾಡ್ಕೋ.

ಮೈದುನ ಚೀಲದ ಮೂಲೆ ಬಿಟ್ಟ. ಅಂಗಡಿಯವ ಗಂಟು ಬಿಗಿದ.

ಅಂಗಡಿಯವ: ಮನೇಲಿರೋ ಹಳೇ ಬೀಜ ಏನು ಮಾಡ್ತೀರಮ್ಮಾ?

ಅತ್ತಿಗೆ: ಬದುವಿನ ಪಕ್ಕ ಒಂದು ಸಾಲು ಹಾಕ್ತೀನಿ.

ಮೈದುನ: ಆ ಸಾಲಿನ ಹುಲ್ಲು?

ಅತ್ತಿಗೆ: ಅದೂ ನಿಂಗೇ.

ಅಂಗಡಿಯವ: ಅದು ಬೀಳುತ್ತಲ್ಲಮ್ಮಾ. ಸುಮ್ನೆ ಯಾಕೆ?

ಅವಳು ಚೀಲ ಸೊಂಟಕ್ಕೆ ಏರಿಸಿಕೊಂಡಳು.

ಅತ್ತಿಗೆ: ಬೀಳಲಿ. ಅದು ಬಿದ್ದಾಗೆಲ್ಲ, 'ಬೇರೆ ಬೀಜ ತನ್ನಿ ಅಂತ ಬಡ್ಕೊಂಡೆ, ಕೇಳಿದ್ರಾ?' ಅಂತ ನಮ್ಮನೆಯವರನ್ನ ಬೈತಿದ್ದೆ. ಬೈಯೋಕೆ ಒಂದು ಸಾಲಾದ್ರೂ ಇರಲಿ.