ಅಲುಗದ ಸಾಗವಾನಿ ಹಲ್ಲು

ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟ ಬಡಗಿ. ಆದರೆ ನಾನು ಕೂರಿಸಿದ ಬಾಗಿಲ ಚೌಕಟ್ಟು ಅಲುಗಿತೆಂದು ಅಕ್ಕಿಆಲೂರಿನಲ್ಲಿ ಯಾರೂ ಇದುವರೆಗೆ ದೂರು ತಂದಿಲ್ಲ. ಹಾಗಾಗಿ, ಹಲ್ಲಿನ ವೈದ್ಯಕೀಯ ಓದುತ್ತಿರುವ ಮಗಳು ಸುಮಾ ಫೋನ್ ಮಾಡಿದಾಗ ನನಗೆ ಅಳುಕೇನೂ ಇರಲಿಲ್ಲ.

"ಅಪ್ಪಾ, ಪ್ರಯೋಗಕ್ಕ ಒಂದು ಕಟ್ಟಿಗಿ ದವಡಿ ಬೇಕಾಗೇತಿ. ಹಲ್ಲಿಗೆ ತಂತಿ ಕಟ್ಟಿದ್ರ ಜೋರು ಹೆಂಗ ಬೀಳತೈತಿ ನೋಡೋದೈತಿ. ಸೋಮವಾರ ನಮ್ಮ ಸರ್ ಒಪ್ಪಿದ್ರಷ್ಟ ನನ್ನ ಸಂಶೋಧನೆ ಮುಂದ ಹೋಗೋದು. ಹಲ್ಲು ಮಾತ್ರ ಮೇಣದಾಗ..."

"ನನಗ ಕಟ್ಟಿಗಿ ಕೆಲಸ ಹೇಳಿಕೊಡ್ತೀಯೇನು?" ಎಂದು ಫೋನ್ ಇಟ್ಟೆ.

ಮೇಣವೆಂದರೆ ಕೆಲಸ ಬಾರದವರು ಬಿರುಕು ಮುಚ್ಚುವ ಸಾಮಾನು. ನಾನು ಹಳೆಯ ಸಾಗವಾನಿಯಲ್ಲಿ ದವಡೆ, ಹಲ್ಲು ಎರಡನ್ನೂ ಕೆತ್ತಿ, ಒಂದೊಂದು ಹಲ್ಲಿನ ಬೇರಿಗೂ ದವಡೆಯಲ್ಲಿ ತೂತು ಕೊರೆದು, ಅಂಟು ಹಾಕಿ, ಮೇಲೆ ಕಾಣದಂತೆ ಬೆಣೆಯನ್ನೂ ಬಡಿದೆ.

ಭಾನುವಾರ ಸುಮಾ ಬಂದಳು. ಬೇರಿನ ಸುತ್ತ ಮೇಣವಿದೆಯೆಂದೇ ನಂಬಿ ತಂತಿ ಕಟ್ಟಿ, ದವಡೆಯನ್ನು ಬಿಸಿನೀರಿನಲ್ಲಿಟ್ಟು ಕಾದಳು. ಏನೂ ಆಗಲಿಲ್ಲ. ಇನ್ನಷ್ಟು ಬಿಗಿದಳು. ಪಟ್ ಎಂದಿತು. ಹಲ್ಲಲ್ಲ, ತಂತಿ.

"ಯಾಕ ಸರೀವಲ್ದು ಅಪ್ಪಾ?"

"ಸರಿಯಾಕ ಅದೇನು ಬ್ಯಾರೆಯವರ ಕೆಲಸೇನು?" ನಾನು ಮೀಸೆ ತೀಡಿದೆ.

ಅವಳು ತಲೆ ಹಿಡಿದು ಕುಳಿತಳು. "ಹಲ್ಲು ಸರೀಬೇಕಪ್ಪಾ. ಅದ ಪ್ರಯೋಗ. ಮೇಣ ಮೆತ್ತಗಾದ್ರ ಸರೀತಾವು. ಸಣ್ಣಗ, ಬಿಡದಂಗ ಎಳದ್ರ ಎಂಥಾ ಗಟ್ಟಿ ಹಲ್ಲೂ ಸರೀತೈತಿ."

ಅಡುಗೆಮನೆಯಿಂದ ನನ್ನ ಹೆಂಡತಿ ಅಂದಳು: "ಎಲ್ಲಾ ಸರಿಯಂಗಿಲ್ಲವ್ವಾ. ಲಗ್ನ ಆದಾಗಿಂದ ನಾ ಹಂಗ ಎಳ್ಯಾಕತ್ತೇನಿ."

ಬೆಣೆ ಕೀಳಲು ಇಕ್ಕಳ ಹಾಕಿದೆ. ದವಡೆಯೇ ಎರಡು ಹೋಳಾಯಿತು. ಹಲ್ಲುಗಳು ಮಾತ್ರ ಇದ್ದಲ್ಲೇ ಇದ್ದವು. ಜೀವಮಾನದಲ್ಲಿ ಮೊದಲ ಬಾರಿ ನನ್ನ ಕೆಲಸದ ಗಟ್ಟಿತನ ನನಗೇ ಬೇಡವಾಯಿತು.

ಆಮೇಲೆ ಮಗಳು ಹೇಳಿದಂತೆ ಕೇಳಿದೆ. ಅದೇ ರಾತ್ರಿ ಹೊಸ ದವಡೆ, ಹೊಸ ಹಲ್ಲು ಕೆತ್ತಿಕೊಟ್ಟೆ, ಅವಳು ಮೇಣ ಕರಗಿಸಿ ಹಲ್ಲು ನಿಲ್ಲಿಸಿದಳು. ಬಿಸಿನೀರಿನಲ್ಲಿ ಒಂದು ಓರೆ ಹಲ್ಲು ಕೂದಲೆಳೆಯಷ್ಟು ಸರಿಯಿತು. ಯಾವುದೂ ಅಲುಗಬಾರದೆಂದು ಇಷ್ಟು ಕಾಲ ದುಡಿದವನು, ಅದು ಇನ್ನಷ್ಟು ಸರಿಯಲಿ ಎಂದು ಉಸಿರು ಬಿಗಿಹಿಡಿದು ಕುಳಿತಿದ್ದೆ. ಈ ಹುಡುಗಿಯನ್ನು ಊರು ದಾಟಿಸಿ ಓದಿಸಲು ಒಲ್ಲೆನೆಂದು ಕುಳಿತಿದ್ದ ನನ್ನನ್ನೂ ಅವಳು ಹೀಗೇ ಸರಿಸಿದ್ದಳಲ್ಲ ಎಂದು ಆಗ ಹೊಳೆಯಿತು.

ಸೋಮವಾರ ಫೋನ್ ಬಂತು. ಸರ್ ಒಪ್ಪಿದ್ದರು.

ಒಡೆದ ದವಡೆಯ ಅರ್ಧ ಹೋಳನ್ನು ಹೆಂಡತಿ ಗೋಡೆಗೆ ಗೂಟವಾಗಿ ಹೊಡೆಸಿದ್ದಾಳೆ. ನನ್ನ ಅಂಗಿ ಈಗ ಕೋರೆಹಲ್ಲಿಗೆ ತೂಗುತ್ತದೆ. ಬಂದವರು ಇದೇನೆಂದು ಕೇಳಿದರೆ ಅವಳು, "ನಮ್ಮನಿಯವರ ಸಂಶೋಧನೆ ರೀ," ಎನ್ನುತ್ತಾಳೆ.