ಎಮ್ಮೆಗೂ ‘ರೀ’ ಎನ್ನುತ್ತಿದ್ದ ನಮ್ಮಕ್ಕ

ಶಿಕಾರಿಪುರದಲ್ಲಿ ಎಮ್ಮೆಗೆ ಬಹುವಚನ ಕೊಟ್ಟು ಅಮಲ್ದಾರರಿಗೆ ಏಕವಚನ ಕೊಟ್ಟವರು ಇಲ್ಲಿಯವರೆಗೆ ಒಬ್ಬರೇ. ಅದು ನಮ್ಮಕ್ಕ! ನಂಬಿಕೆ ಇಲ್ಲದಿದ್ದರೆ ಎಮ್ಮೆಯನ್ನು ಕೇಳಿ ನೋಡಿ. ಅಮಲ್ದಾರರನ್ನು ಮಾತ್ರ ಕೇಳಬೇಡಿ, ಅವರಿಗೆ ಇನ್ನೂ ಸಿಟ್ಟು ಇಳಿದಿಲ್ಲ.

ಅಕ್ಕನ ಕತೆಗೆ ಮುಂಚೆ ಒಂದು ಮಾತು ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ. ನಾನು ಅಜ್ಜನಾಗಿದ್ದೇನೆ! ಮೊಮ್ಮಗಳು! ಮೂಗು ಸಾಕ್ಷಾತ್ ನಮ್ಮ ಮನೆತನದ್ದು. ನಮ್ಮದು ಮಂಡಕ್ಕಿ ಭಟ್ಟಿ. ನಮ್ಮ ಬೀದಿಗೆಲ್ಲ ಮಂಡಕ್ಕಿ ಹಂಚಿದೆ, ಪಕ್ಕದ ಬೀದಿಗೂ ಹಂಚಿದೆ, ಗುರುತಿಲ್ಲದವರ ಉಡಿಗೂ ಸುರಿದೆ. ಆದರೂ ಒಳಗಿನ ಉಕ್ಕು ನಿಲ್ಲಲಿಲ್ಲ. ಅದಕ್ಕೇ ಬರೆಯಲು ಕೂತೆ. ಮೂರನೇ ಕ್ಲಾಸಿಗೆ ನಿಂತ ಅಕ್ಷರ, ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ. ಆದರೆ ಈ ಸಂತೋಷ ನನ್ನ ಬಾಗಿಲಿಗೆ ಬರುವ ಮುಂಚೆ ಆ ಒಬ್ಬ ಅಕ್ಕನನ್ನು ಇಟ್ಟುಕೊಂಡು ನಾನು ಪಟ್ಟ ಪಾಡಿದೆಯಲ್ಲ, ಅದು ಹಗೆಯವನಿಗೂ ಬೇಡ!

ಅಕ್ಕ ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಮೂರು ವರ್ಷದ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ನಮ್ಮ ಮನೆಗೆ ಬಂದವಳು. ಆಗ ರಸ್ತೆ ಕೆಲಸಕ್ಕೆ ಬಂದಿದ್ದ ಒಬ್ಬ ಇಂಗ್ಲೀಷ್ ಇಂಜಿನಿಯರನ ಹೆಂಡತಿಗೆ ಮಕ್ಕಳನ್ನು ನೋಡಿಕೊಳ್ಳಲು ಆಯಾ ಬೇಕಾಗಿದ್ದಳು. ಅಕ್ಕ ಸೇರಿಕೊಂಡಳು. ಅವರು ತಮ್ಮ ದೇಶಕ್ಕೆ ಹೊರಟಾಗ, ಮಕ್ಕಳು ಅಕ್ಕನ ಸೆರಗು ಬಿಡಲಿಲ್ಲವಂತೆ. ‘ಎರಡು ವರ್ಷ, ಅಷ್ಟೇ’ ಎಂದು ಹೇಳಿ ಮಗಳನ್ನು ನನ್ನ ಹೆಂಡತಿಯ ಮಡಿಲಿಗೆ ಹಾಕಿ ಹಡಗು ಹತ್ತಿದಳು. ಆಮೇಲೆ ಯುದ್ಧ ಬಂತು, ಹಡಗು ನಿಂತಿತು. ಯುದ್ಧ ಮುಗಿಯಿತು, ಆ ದೊರೆಸಾನಿ ಹಾಸಿಗೆ ಹಿಡಿದಳು. ಇಲ್ಲಿ ಮಗಳ ಮದುವೆಯಾಯಿತು. ‘ಬಂದೇ ಬರುತ್ತೇನೆ’ ಎಂದವಳು ಅದಕ್ಕೂ ಬರಲಿಲ್ಲ. ಎರಡು ವರ್ಷ ಅನ್ನುವುದು ಇಪ್ಪತ್ತು ದಾಟಿತು. ಅಷ್ಟರಲ್ಲಿ ಮಗಳಿಗೆ ನಾನೇ ಅಪ್ಪ, ನನ್ನ ಹೆಂಡತಿಯೇ ಅವ್ವ.

ಹೋದ ವರ್ಷ ಶಿವಮೊಗ್ಗದ ಬಸ್ಸಿನಿಂದ ಒಂದು ತಗಡಿನ ಟ್ರಂಕಿನೊಂದಿಗೆ ಇಳಿದ ಅಕ್ಕ, ನನ್ನ ಮುಖ ನೋಡಿ, “ನೀವು ಚೆನ್ನಾಗಿದ್ದೀರೇನ್ರೀ?” ಎಂದಳು.

ನಾನು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಒಡಹುಟ್ಟಿದ ತಮ್ಮನಿಗೆ! ಗಿಲ್ಲಿ, ಗುದ್ದಿ, ಮೂಗು ಒರೆಸಿ ಬೆಳೆಸಿದವನಿಗೆ!

“ಅಕ್ಕಾ, ನಾನು ಕಣೇ, ನಿನ್ನ ತಮ್ಮ!”

“ಗೊತ್ತಾತು, ಕೂತ್ಕೊಳ್ಳಿ,” ಎಂದಳು. ಬಸ್ ಸ್ಟ್ಯಾಂಡಿನಲ್ಲಿ ಎಲ್ಲಿ ಕೂರಲಿ?

ರೋಗ ಏನೆಂದು ತಿಳಿಯಲು ವಾರ ಹಿಡಿಯಿತು. ಆ ದೇಶದಲ್ಲಿ ಎಲ್ಲರಿಗೂ ಒಂದೇ ‘ಯೂ’ ಅಂತೆ. ರಾಣಿಗೂ ಯೂ, ನಾಯಿಗೂ ಯೂ, ಹಾಲಿನವನಿಗೂ ಯೂ! ಅದನ್ನೇ ಬಳಸಿ ಬಳಸಿ, ನಮ್ಮ ‘ನೀ’ ಮತ್ತು ‘ನೀವು’ ಅಕ್ಕನ ತಲೆಯಲ್ಲಿ ಕಲಸಿಹೋಗಿದ್ದವು. ಅವಸರದಲ್ಲಿ ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಮೆಟ್ಟಿದ ಹಾಗೆ, ಯಾವುದು ಬಾಯಿಗೆ ಬಂತೋ ಅದನ್ನು ಹಾಕಿಬಿಡುತ್ತಿದ್ದಳು. ಹಿತ್ತಲಿನಲ್ಲಿ ದಾರಿಗೆ ಅಡ್ಡ ನಿಂತ ನಮ್ಮ ಎಮ್ಮೆಗೆ, “ಸ್ವಲ್ಪ ಆಚೆ ಸರೀತೀರೇನ್ರೀ?” ಎಂದಳು. ಎಮ್ಮೆ ಅಲುಗಲಿಲ್ಲ. ಎದುರು ಮನೆಯ ಕಲಾಯಿ ಸಾಬರು ಬಿದ್ದು ಬಿದ್ದು ನಕ್ಕರು. “ಯಜಮಾನ್ರೇ, ಅದೂ ಹಿಂದಕ್ಕೆ ಯಾರವ್ರೆ ಅಂತ ನೋಡ್ತೈತ್ರೀ!”

ಅಮಲ್ದಾರರ ಕತೆ ಇನ್ನೂ ಘೋರ. ಒಂದು ಸಂಜೆ ಅವರು ಜವಾನನ ಜೊತೆ ತಿರುಗಾಡುತ್ತಾ ನಮ್ಮ ಭಟ್ಟಿಯ ಮುಂದೆ ನಿಂತರು. ನಾನು ಒಳಗೆ ಮಂಡಕ್ಕಿ ಹುರಿಯುವ ಮರಳು ಕಾಯಿಸುತ್ತಿದ್ದೆ. ಅಕ್ಕ ಎದ್ದುಬಂದು ಅವರನ್ನೇ ನೋಡಿ, “ನೀ ಯಾರಪ್ಪ? ಏನ್ ಬೇಕಾಗಿತ್ತು ನಿಂಗೆ?” ಎಂದಳು. ನಾನು ಓಡಿಬರುವಷ್ಟರಲ್ಲಿ ಹಿಂದಿದ್ದ ಜವಾನನ ಕಡೆ ತಿರುಗಿ, “ನೀವು ಬರ್ರಿ, ಕೂತ್ಕೊಳ್ರಿ, ದಣಿದಂಗೆ ಕಾಣ್ತೀರಿ,” ಎಂದು ಮಣೆ ಹಾಕಿದ್ದಳು. ಅಂದಿನಿಂದ ಜವಾನ ದಿನಾ ಬರತೊಡಗಿದ. ಅಮಲ್ದಾರರು ಬರಲಿಲ್ಲ.

ಇದಾದರೆ ಹೇಗೋ ತಾಳಿಕೊಳ್ಳಬಹುದಿತ್ತು. ಹವೆಯ ಮಾತಿಗೆ ಏನು ಮಾಡಲಿ? ಅಲ್ಲಿ ಯಾರೇ ಸಿಕ್ಕಲಿ, ಮೊದಲು ಹವೆ ಹೇಗಿದೆ ಎಂದು ಹೇಳಬೇಕಂತೆ. ಬಿಸಿಲು ಬಿದ್ದರೆ ಹಬ್ಬವಂತೆ. ಇಲ್ಲಿ ಆರಿದ್ರಾ ಮಳೆ ಕೈಕೊಟ್ಟು, ಸಸಿ ಮಡಿ ಒಣಗಿ, ರೈತರು ಮುಗಿಲು ನೋಡಿ ನೋಡಿ ಕತ್ತು ನೋಯಿಸಿಕೊಂಡ ದಿನಗಳಲ್ಲಿ ನಮ್ಮಕ್ಕ ಕಟ್ಟೆಯ ಮೇಲೆ ನಿಂತು, ಹೋಗುವವರಿಗೆ ಬರುವವರಿಗೆ, “ಆಹಾ, ಎಂಥಾ ಚಂದದ ದಿನ ಅಲ್ವೇನ್ರೀ! ಒಂದು ಮೋಡ ಇಲ್ಲ!” ಎನ್ನುತ್ತಿದ್ದಳು. ಭತ್ತದ ಮಾತಾಡಲು ಉಡುತಡಿಯಿಂದ ಬಂದಿದ್ದ ರೈತರೊಬ್ಬರು ಟವೆಲ್ ಕೊಡವಿ ಎದ್ದುಬಿಟ್ಟರು. “ನಿಮ್ಮಕ್ಕನ್ನ ಮಳಿ ಬರೋತಂಕ ಒಳಗ ಕೂಡಿಸ್ರಿ. ಇಲ್ಲಾಂದ್ರ ನಿಮ್ಮ ಭಟ್ಟಿಗೆ ನಾವು ಭತ್ತ ಕೊಡಾದಿಲ್ಲ!”

ಇಷ್ಟಾದರೂ ನಮ್ಮ ಬೀದಿಯ ಹೆಂಗಸರಿಗೆ ಅಕ್ಕ ಅಂದರೆ ಪ್ರಾಣ. ಮಧ್ಯಾಹ್ನವಾದರೆ ಸಾಕು, ಎಲ್ಲರೂ ನಮ್ಮ ಪಡಸಾಲೆಯಲ್ಲಿ. ಅಲ್ಲಿ ಹೆಂಗಸರೇ ಬಸ್ಸಿನಲ್ಲಿ ಟಿಕೀಟು ಹರಿಯುತ್ತಾರಂತೆ! ಮೆಟ್ಟಿಲೇ ಮನುಷ್ಯರನ್ನು ಹೊತ್ತು ಮೇಲಕ್ಕೆ ಹೋಗುತ್ತದಂತೆ! ಗಂಡಸರು ಪಾತ್ರೆ ತೊಳೆಯುತ್ತಾರಂತೆ! ಇದರ ಫಲ ಯಾರು ಉಂಡರು ಅನ್ನುತ್ತೀರಿ? ಸಾಬರ ಮಗಳು ಕಂಡಕ್ಟರ್ ಆಗುತ್ತೇನೆಂದು ಹಟ ಹಿಡಿದಳು. ಪಕ್ಕದ ಮನೆಯ ಸೊಸೆ ಸ್ಲೇಟು ಹಿಡಿದು ಅಕ್ಕನ ಹತ್ತಿರ ಎ ಬಿ ಸಿ ಬರೆಸಿಕೊಂಡಳು. ನನ್ನ ಮುಂದೆ ಎರಡು ಗಂಗಾಳ, ಒಂದು ಹಿಡಿ ಹುಣಸೆಹಣ್ಣು ಬಂದು ಕೂತವು. ತೊಳೆದೆ! ಅಲ್ಲಿ ಹೆಂಡತಿಯರು ಗಂಡನನ್ನು ಹೆಸರು ಹಿಡಿದು ಕರೆಯುತ್ತಾರೆಂದು ಕೇಳಿದ ದಿನವಂತೂ ನನ್ನ ಹೆಂಡತಿ ಒಲೆ ಮುಂದೆ ಒಬ್ಬಳೇ ಕೂತು ನನ್ನ ಹೆಸರನ್ನು ಒಂದು ಸಲ ಹೇಳಿ ನೋಡಿದಳಂತೆ.

“ಏನಾತೇ?” ಎಂದು ಕೇಳಿದೆ, ಗಾಬರಿಯಿಂದ.

“ಏನೂ ಆಗ್ಲಿಲ್ಲ ನೋಡ್ರಿ!” ಎಂದಳು, ಒಂದಿಷ್ಟು ನಿರಾಸೆಯಿಂದಲೇ.

ನಗಿಸಲು ಬರೆಯುತ್ತಿದ್ದೇನೆ. ಆದರೆ ಆ ದಿನಗಳಲ್ಲಿ ನನ್ನ ಎದೆಯಲ್ಲಿ ಒಂದು ಕಲ್ಲು ಕೂತಿತ್ತು. ತಾಯಿ ಬಂದಳೆಂದು ತಿಳಿದು ಮಗಳು ಸೊರಬದಿಂದ ಬಂದಳು. ಬಾಗಿಲಲ್ಲಿ ಅಕ್ಕ ಎರಡೂ ಕೈ ಚಾಚಿ ನಿಂತಿದ್ದಳು. ಮಗಳು ಬಗ್ಗಿ ಕಾಲು ಮುಟ್ಟಿ, ಎದ್ದು ಎರಡು ಹೆಜ್ಜೆ ಹಿಂದೆ ಸರಿದು, “ಚೆನ್ನಾಗಿದ್ದೀರೇನ್ರೀ? ಪ್ರಯಾಣ ಸುಖ ಆತೇನ್ರೀ?” ಎಂದಳು. ನನ್ನ ಹೆಂಡತಿ ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಹೋದಳು. ನಮ್ಮ ಕಡೆ ಮಕ್ಕಳು ಅವ್ವನಿಗೆ ‘ನೀ’ ಅನ್ನುತ್ತಾರೆ. ಹಸಿವಾದರೂ ನೀ, ಸಿಟ್ಟು ಬಂದರೂ ನೀ. ‘ರೀ’ ಅನ್ನುವುದು ಹೊರಗಿನವರಿಗೆ. ಹುಡುಗಿ ಆ ಒಂದು ‘ರೀ’ಯಲ್ಲೇ ಬಾಗಿಲು ಹಾಕಿ ಅಗುಳಿ ಜಡಿದಳು, ಅದೂ ಎಷ್ಟು ಮರ್ಯಾದೆಯಿಂದ!

ಅಕ್ಕನಿಗೆ ಅದು ತಿಳಿಯಲೇ ಇಲ್ಲ! ಅವಳ ಮುಖ ಅರಳಿತು. ವಾರವೆಲ್ಲ ಅದೇ ಮಾತು. ಹೇಳಿಬಿಡಬೇಕೆಂದು ದಿನಾ ಬಾಯಿ ತೆರೆಯುತ್ತಿದ್ದೆ, ಆ ಮುಖ ನೋಡಿ ಮುಚ್ಚಿಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ ಹೆಂಗಸರ ಮುಂದೆ, “ನನ್ನ ಮಗಳು ಎಷ್ಟು ಮರ್ಯಾದಸ್ಥೆ ನೋಡ್ರಿ. ನಿಮ್ಮ ಮಕ್ಕಳು ನೀ, ತಾ, ಹೋಗು ಅಂತಾವೆ. ನನ್ನ ಮಗಳು ನಂಗೆ ರೀ ಅಂತಾಳೆ!” ಎಂದಳು. ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಒಬ್ಬ ಮುದುಕಿ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ, “ಅಮಲ್ದಾರ್ರಿಗೆ ಅಂತಾರವ್ವಾ ರೀ. ಹೆತ್ತವ್ವಗೆ ಯಾರಂತಾರೆ?” ಎಂದಳು.

ಅಕ್ಕ ಎಲ್ಲರ ಮುಖ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ನಾನು ಮಂಡಕ್ಕಿ ಜರಡಿ ಹಿಡಿಯತೊಡಗಿದೆ, ಜರಡಿಯಲ್ಲಿ ಮಂಡಕ್ಕಿಯೇ ಇರಲಿಲ್ಲ.

ಆ ದಿನದಿಂದ ಕಟ್ಟೆಯ ಮೇಲೆ ಹವೆಯ ಮಾತು ನಿಂತಿತು. ಎಮ್ಮೆಗೂ ಮರ್ಯಾದೆ ನಿಂತಿತು. ಹೇಳಿದರೆ ನಗಬೇಡಿ, ನಮಗೆ ಆ ಮೌನ ಕೇಳಲಾಗುತ್ತಿರಲಿಲ್ಲ.

ಅಷ್ಟರಲ್ಲಿ ಮಗಳು, ಎಷ್ಟೋ ವರ್ಷ ಹರಕೆ ಹೊತ್ತ ಮೇಲೆ, ಬಸುರಿಯಾಗಿದ್ದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ? ಕರೆದುಕೊಂಡು ಬರಲು ಸೊರಬಕ್ಕೆ ಹೋದೆ. ಅಳಿಯ ಹೊಲಿಗೆ ಮಿಶನ್ನಿನಿಂದ ಎದ್ದು, “ಎಂತ ಮಾಡೋದು ಮಾವ, ನಾನೂ ಹೇಳಿ ಹೇಳಿ ಸಾಕಾತು,” ಎಂದ. ಮಗಳು ಹಾಸಿಗೆಯಿಂದ ಏಳಲಿಲ್ಲ.

“ಅಪ್ಪಾ, ನನ್ನ ತವರು ಅಂದ್ರೆ ನೀನು, ಅವ್ವ. ಅವರು ಅಲ್ಲಿದ್ರೆ ನಾ ಬರಲ್ಲ.”

“ಅವಳು ನಿನ್ನ ಹೆತ್ತವಳು ಕಣೇ.”

“ಅದಕ್ಕೇ ಮರ್ಯಾದೆ ಕೊಡ್ತಿದೀನಲ್ಲ. ಜ್ವರ ಬಂದ್ರೆ ನಾ ಯಾರ ಹೆಸರು ಕೂಗ್ತಿದ್ದೆ, ನಿಂಗೇ ಗೊತ್ತು. ಅವರು ಆಗ ಯಾರ ಮಕ್ಕಳಿಗೋ ಹಣೆ ಮೇಲೆ ಬಟ್ಟೆ ಹಾಕ್ತಿದ್ರು. ನನ್ನ ಕೂಸಿಗೆ ಅವರ ಕೈ ಬ್ಯಾಡ.”

ಒಬ್ಬನೇ ಬಸ್ಸು ಹತ್ತಿ ಹಿಂದಿರುಗಿದೆ. ಮನೆಗೆ ಬಂದರೆ, ನಾನು ಬಾಯಿ ಬಿಡುವ ಮೊದಲೇ ಅಕ್ಕನ ಟ್ರಂಕು ಬಾಗಿಲಲ್ಲಿ ಸಿದ್ಧವಾಗಿತ್ತು. ಬಳ್ಳಿಗಾವಿಯಲ್ಲಿ ನಮ್ಮ ಚಿಕ್ಕಮ್ಮ ಒಬ್ಬಳಿದ್ದಾಳೆ, ಅಲ್ಲಿಗೆ ಹೋಗುತ್ತಾಳಂತೆ.

“ಅಕ್ಕಾ, ಬ್ಯಾಡ ಕಣೇ.”

“ಇರ್ಲಿ ಬಿಡಿ. ಹೋಗೋದು ನಂಗೆ ರೂಢಿ ಐತೆ. ಇರೋದೇ ರೂಢಿ ತಪ್ಪಿಹೋಗೈತೆ,” ಎಂದಳು.

ಅಕ್ಕ ಹೋದಳು, ಮಗಳು ಬಂದಳು, ಮೊಮ್ಮಗಳು ಹುಟ್ಟಿದಳು! ನಾನು ಕುಣಿಯುತ್ತಾ ಭಟ್ಟಿ ಹಚ್ಚಿದೆ. ಆ ಸಂಭ್ರಮದಲ್ಲೇ ನನ್ನ ಹೆಂಡತಿ ಕಾದ ಮರಳಿನ ಬಾಣಲೆಗೆ ಕೈ ತಗುಲಿಸಿಕೊಂಡು ಬೆರಳಿನಿಂದ ಮೊಣಕೈವರೆಗೆ ಸುಟ್ಟುಕೊಂಡಳು. ಈಗ ಬಾಣಂತಿಗೆ, ಕೂಸಿಗೆ ನೀರೆರೆಯುವವರು ಯಾರು? ನಾನು ಎರೆಯಲೇ? ಸಾಬರ ಮನೆಯವರು ಎರಡು ದಿನ ಬಂದು ಎರೆದರು, ಆಮೇಲೆ ಅವರಿಗೇ ಜ್ವರ. ಕೂಸು ಅತ್ತು ಅತ್ತು ನೀಲಿಯಾಗುತ್ತಿತ್ತು. ಮಗಳು ಗೋಡೆ ಕಡೆ ಮುಖ ಮಾಡಿ, “ಹೋಗಿ ಅವರನ್ನ ಕರಕೊಂಡ್ ಬಾ ಅಪ್ಪಾ,” ಎಂದಳು.

ಅಕ್ಕ ಬಂದಳು. “ಬರ್ರಿ,” ಎಂದಳು ಮಗಳು. ಅಷ್ಟೇ. ದಿನಾ ಬೆಳಿಗ್ಗೆ ಅಕ್ಕ ಕಾಲು ಚಾಚಿ ಕೂತು, ಕೂಸನ್ನು ಮಲಗಿಸಿಕೊಂಡು, ಮೊಣಕೈ ಅದ್ದಿ ನೀರಿನ ಬಿಸಿ ನೋಡಿ ಎರೆಯುತ್ತಿದ್ದಳು. ಕೂಸು ಅವಳ ಕೈಯಲ್ಲಿ ಬೆಣ್ಣೆಯ ಹಾಗೆ ಸುಮ್ಮನಾಗುತ್ತಿತ್ತು. ಬಾಣಂತಿಗೆ ಎರೆಯುವಾಗ ಮಾತ್ರ ತಾಯಿ ಮಗಳ ನಡುವೆ ಅಳೆದಿಟ್ಟಷ್ಟೇ ಮಾತು. “ಬಿಸಿ ಜಾಸ್ತಿ ಆತಾ?” “ಇಲ್ರೀ.” “ಸಾಕಾ?” “ಸಾಕ್ರೀ.” ಆ ಒಂದೊಂದು ‘ರೀ’ಗೂ ಅಕ್ಕನ ತಲೆ ಇನ್ನಷ್ಟು ಬಾಗುತ್ತಿತ್ತು. ಇದು ಇಷ್ಟೇ, ಇವರಿಬ್ಬರೂ ಹೀಗೇ ಮುದುಕಿಯರಾಗುತ್ತಾರೆ ಎಂದು ನಾನು ಆಸೆ ಬಿಟ್ಟೆ.

ಮೊನ್ನೆ ಬೆಳಿಗ್ಗೆ ಮಾರ್ಗಶಿರದ ಚಳಿ. ಎಳೆ ಬಿಸಿಲು ಕಟ್ಟೆಗೆ ಬಿದ್ದಿತ್ತು. ಆ ದೇಶದಲ್ಲಿ ಹಿಮ ಬೀಳುವಾಗಲೂ ಕೂಸುಗಳನ್ನು ಗಾಡಿಯಲ್ಲಿ ಮಲಗಿಸಿ ಹೊರಗೆ ಬಿಡುತ್ತಾರಂತೆ, ಗಾಳಿ ಕುಡಿಯಲಿ ಎಂದು! ನಮ್ಮಲ್ಲಿ ಗಾಡಿ ಎಲ್ಲಿಂದ ಬರಬೇಕು? ಅಕ್ಕ ನನ್ನ ಮಂಡಕ್ಕಿ ಬುಟ್ಟಿಗೆ ಹಳೆ ಸೀರೆ ಹಾಸಿ, ನನ್ನ ಮೊಮ್ಮಗಳನ್ನು ಅದರಲ್ಲಿ ಮಲಗಿಸಿ, ತಾನು ಹೊದ್ದಿದ್ದ ಶಾಲನ್ನೇ ಹೊದಿಸಿ, ಬೀದಿ ಕಟ್ಟೆಯ ಮೇಲೆ ತಂದಿಟ್ಟು ಪಕ್ಕದಲ್ಲಿ ಕೂತಿದ್ದಳು. ಒಳಗೆ ಮಗಳು ಎಚ್ಚರಾಗಿ ನೋಡುತ್ತಾಳೆ, ತೊಟ್ಟಿಲು ಖಾಲಿ!

ತಲೆಗೆ ಕಟ್ಟಿದ ಬಟ್ಟೆಯೂ ಜಾರಿ, ಓಡಿಬಂದಳು ನೋಡಿ, ಬೀದಿ ಅದುರುವ ಹಾಗೆ ಕೂಗಿದಳು:

“ಏ! ತಲೆ ನೆಟ್ಟಗೈತೇನೇ ನಿಂಗೆ? ಹಸಿಗೂಸನ್ನ ಬುಟ್ಟೀಲಿ ಹಾಕ್ಕೊಂಡು ಬೀದಿಗೆ ತಂದು ಕೂತಿದೀಯಲ್ಲ, ಇದೇನ್ ಮಂಡಕ್ಕೀನಾ? ಥಂಡಿ ಹತ್ತಿದ್ರೆ ಏನ್ ಮಾಡ್ತೀಯ ನೀನು? ಕೊಡು ಇಲ್ಲಿ!”

ಎದುರು ಮನೆಯಲ್ಲಿ ಸಾಬರು ಕಲಾಯಿಯ ಬೆಂಕಿಗೆ ಊದುತ್ತಿದ್ದ ತಿದಿ ನಿಂತಿತು. ನನಗೆ ರೇಗಿತು. ಹೆತ್ತವಳಿಗೆ ಬೀದಿಯಲ್ಲಿ ನಿಂತು ಬೈಯುವುದೇ? “ಏ ಹುಡುಗೀ…” ಎಂದು ಎದ್ದೆ. ನನ್ನ ಹೆಂಡತಿ ಸುಡದ ಕೈಯಿಂದ ನನ್ನ ತೋಳು ಗಟ್ಟಿಯಾಗಿ ಹಿಡಿದಳು. “ಸುಮ್ನಿರ್ರೀ! ಕಿವಿ ಎಲ್ಲಿಟ್ಟೀರಿ?”

ಆಗ ಕೇಳಿಸಿತು. ನಿಂಗೆ. ಕೂತಿದೀಯ. ನೀನು. ಕೊಡು.

ಮಗಳು ಕೂಸನ್ನು ಶಾಲಿನ ಸಮೇತ ಎತ್ತಿ ಎದೆಗೆ ಒತ್ತಿಕೊಂಡು ಹೊಸ್ತಿಲವರೆಗೆ ಹೋದಳು. ಅಲ್ಲಿ ನಿಂತಳು. ಏನೋ ಹೊಳೆದವಳ ಹಾಗೆ ಕೂಸಿನ ಮೇಲಿದ್ದ ಶಾಲನ್ನು ಮುಟ್ಟಿ ನೋಡಿದಳು. ತಿರುಗಿದಾಗ ಮುಖದ ಗಂಟು ಸಡಿಲವಾಗಿರಲಿಲ್ಲ.

“ನಿಂತ್ಕೊಂಡ್ ಏನ್ ಮಾಡ್ತಿದೀಯ? ಒಳಗೆ ಬಾ. ಮೈಮೇಲೆ ಒಂದು ಶಾಲೂ ಇಲ್ಲ ನಿಂಗೆ.”

ಅವಳು ಒಳಗೆ ಹೋದ ಮೇಲೂ ಅಕ್ಕ ಅಲ್ಲೇ ನಿಂತಿದ್ದಳು. ಖಾಲಿ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟಳು.

“ತಮ್ಮಾ, ಬೈದಳಲ್ಲೋ!” ಎಂದಳು ಮೆಲ್ಲಗೆ.

“ಹೂಂ ಅಕ್ಕಾ, ಬೈದಳು.”

ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡು, ತಡವಾದರೆ ಮತ್ತೆ ಬೈದಾಳೆಂದು ಬೇಗ ಬೇಗ ಒಳಗೆ ಹೋದಳು. ಮತ್ತೆ ಬೈಗುಳ ಕೇಳಿಸಿತು. ನಾನು ಬುಟ್ಟಿ ಹಿಡಿದುಕೊಂಡು ಅದನ್ನೇ ಕೇಳುತ್ತಾ ಬಿಸಿಲಿನಲ್ಲಿ ನಿಂತೆ.