ನಮ್ಮ ಬೆಕ್ಕಿನ ಸಸ್ಯಜನ್ಯ ಶೌಚಾಲಯ

ಮೂಗಿನ ಬಗ್ಗೆ ಯಾರೂ ಹೆಮ್ಮೆ ಪಡಬಾರದು. ಅದು ಸದಾ ನಮಗಿಂತ ಒಂದಿಂಚು ಮುಂದಿರುತ್ತದೆಯೇ ಹೊರತು ನಮ್ಮ ಕಡೆ ತಿರುಗಿ ನೋಡುವುದಿಲ್ಲ. ಇದು ನನಗೆ ಈಚೆಗೆ ಹೊಳೆದ ಜ್ಞಾನ. ಮುಂಬಯಿಯ ಗೋರೆಗಾಂವ್‌ನ ಉಡುಪಿ ಹೋಟೆಲೊಂದರಲ್ಲಿ ಮ್ಯಾನೇಜರಾದ ನಾನು ಗಲ್ಲಾಪೆಟ್ಟಿಗೆಯ ಮುಂದೆ ಕೂತಲ್ಲಿಂದಲೇ ಒಳಗಿನ ಸಾಂಬಾರಿಗೆ ಇಂಗು ಬಿದ್ದಿದೆಯೋ ಇಲ್ಲವೋ ಹೇಳಬಲ್ಲೆ. ದಿನಾ ಬೆಳಿಗ್ಗೆ ರುಬ್ಬುವ ಕೋಣೆಗೆ ಹೋಗಿ, ದೋಸೆಹಿಟ್ಟಿನ ಡ್ರಮ್ಮುಗಳ ನಡುವೆ ನಿಂತು, ಹುಳಿ ಸಾಕೋ ಬೇಕೋ ಎಂದು ಮೂಸಿ ಹೇಳುವವನೂ ನಾನೇ.

ಇಂಥವನ ಕಾಂದಿವಲಿಯ ಮನೆಯಲ್ಲೇ ನಾತ ಶುರುವಾಯಿತು. ಬಾಗಿಲ ಬಳಿ, ಚಪ್ಪಲಿ ಸ್ಟ್ಯಾಂಡಿನ ಪಕ್ಕ ನಮ್ಮ ಬೆಕ್ಕು ಶೌಚಕ್ಕೆ ಕೂರುವ ಮರಳಿನ ಟ್ರೇ ಇತ್ತು. ಬೆಕ್ಕಿನ ಹೆಸರು ಬನ್ಸ್; ಬಣ್ಣವೂ ಉಬ್ಬೂ ನಮ್ಮ ಹೋಟೆಲಿನ ಬನ್ಸಿನ ಹಾಗೇ ಇವೆ. ಅದನ್ನು ಸಾಕಿದವಳು ಮಗಳು ಮಯೂರಿ ಎಂದು ಹೊರಗೆ ಹೇಳಿಕೊಂಡು ತಿರುಗುತ್ತೇನೆ. ನಿಜ ಹೇಳಬೇಕೆಂದರೆ, ಅದು ಬಂದು ತೊಡೆಯೇರದಿದ್ದರೆ ನನಗೆ ಸಂಜೆಯ ಕಾಫಿ ರುಚಿಸುವುದಿಲ್ಲ. ಹೀಗಿರುವಾಗ ಧಾರವಾಡದವಳಾದ ನನ್ನ ಹೆಂಡತಿ ಶಾರದೆ ಒಂದು ದಿನ ಸೆರಗಿನಿಂದ ಮೂಗು ಮುಚ್ಚಿಕೊಂಡೇ ತೀರ್ಪು ಕೊಟ್ಟಳು: "ಹುಳಿ ನಾತಕ್ಕ ತಲಿ ತಿರಗ್ಲಿಕ್ಕತ್ತದ. ರವಿವಾರದೊಳಗ ಈ ವಾಸನಿ ಹೋಗ್ಬೇಕು, ಇಲ್ಲಾಂದ್ರ ಬೆಕ್ಕು ನಿಮ್ಮ ತಮ್ಮನ ಮನಿಗೆ ಹೋಗ್ಬೇಕು." ಘಾಟ್ಕೋಪರ್‌ನಲ್ಲಿರುವ ನನ್ನ ತಮ್ಮನ ಮನೆಯಲ್ಲಿ ನಾಯಿಯಿದೆ.

ಮಯೂರಿ ಮೊಬೈಲಿನಿಂದ ತಲೆಯೆತ್ತಿ, "ಪಪ್ಪಾ, ಮರಳು ಬೇಡ. ನ್ಯಾಚುರಲ್ ಲಿಟರ್ ತಗೊಳ್ಳೋಣ ನಾ, ಪ್ಲಾಂಟ್ ಬೇಸ್ಡ್. ಸ್ಮೆಲ್ ಏಕ್‌ದಮ್ ಬಂದ್!" ಎಂದಳು. ಲಿಟರ್ ಎಂದರೆ ಬೆಕ್ಕಿನ ಟ್ರೇಗೆ ಸುರಿಯುವ ಹಾಸು; ಇದು ಗಿಡಮರಗಳಿಂದಲೇ ಮಾಡಿದ್ದಂತೆ. ಶುದ್ಧ ಸಸ್ಯಾಹಾರಿ ಹೋಟೆಲಿನವನಿಗೆ ಇದಕ್ಕಿಂತ ಸಿಹಿಯಾದ ಮಾತುಂಟೆ? ಸಿಕ್ಕಷ್ಟು ಬಗೆಯ ಸ್ಯಾಂಪಲ್ ತಂದೆ. ಕೈಯ ಅಭ್ಯಾಸ ನೋಡಿ, ಅವನ್ನೆಲ್ಲ ಖಾನೆಗಳಿರುವ ಊಟದ ತಟ್ಟೆಯಲ್ಲಿ ಒಪ್ಪವಾಗಿ ಬಡಿಸಿ ಬನ್ಸ್‌ನ ಮುಂದಿಟ್ಟೆ.

"ಬೆಕ್ಕಿಗೇನು ಥಾಲಿ ಹಚ್ಚೀರೇನ್ರೀ?" ಎಂದು ಶಾರದೆ ಬಗ್ಗಿ ನೋಡಿದಳು. ಮೆಕ್ಕೆಜೋಳದ ಹರಳು ಕಂಡಿದ್ದೇ ತಡ, "ಧಾನ್ಯದ ಮ್ಯಾಲೆ ಬೆಕ್ಕು ಕೂಡಸ್ತೀರಿ? ನಮಗ ಅನ್ನ ದಕ್ಕೂದಿಲ್ಲ!" ಎಂದು ಆ ಖಾನೆ ಖಾಲಿ ಮಾಡಿದಳು. ಸೋಯಾ ಕಡ್ಡಿಗಳೂ ಕಾಳಿನ ಕುಲವೆಂದು ಅದೇ ದಾರಿ ಹಿಡಿದವು. ಕಾಗದದ ಉಂಡೆ ಸರಸ್ವತಿ. ಅದರ ಮೇಲೆ ಕಾಲಿಡುವುದೇ ತಪ್ಪು, ಉಳಿದದ್ದಂತೂ ಕೇಳಲೇಬೇಡಿ. ತೆಂಗಿನ ನಾರನ್ನು ಮಾತ್ರ ನಾನೇ ತಡೆದೆ. ನನ್ನ ಅಮ್ಮ ಜೀವಮಾನವಿಡೀ ಅದರಲ್ಲಿ ಪಾತ್ರೆ ತಿಕ್ಕಿದವಳು. ಕೊನೆಗೆ ಉಳಿದದ್ದು ಮರದ ಹೊಟ್ಟಿನ ಗುಳಿಗೆ. ಅದಕ್ಕೆ ಯಾವ ದೇವರ ಆಕ್ಷೇಪವೂ ಇರಲಿಲ್ಲ. ಬನ್ಸ್ ಕೂಡ ಮೂಸಿ, ಕೆದಕಿ, ಟ್ರೇಗೆ ಸುರಿದ ಕೂಡಲೇ ಹೋಗಿ ಗಂಭೀರವಾಗಿ ಕೂತಿತು. ನಾನು ಚಪ್ಪಾಳೆ ತಟ್ಟಿದೆ.

ರವಿವಾರ ಬಂತು. ನಾತ ಹೋಗಿರಲಿಲ್ಲ! ಕಡೆಯ ಪ್ರಯತ್ನವೆಂದು ಟ್ರೇಯನ್ನು ಗ್ಯಾಲರಿಗೆ, ಅಂದರೆ ಬಾಲ್ಕನಿಗೆ, ಸಾಗಿಸಿದೆ. ಟ್ರೇ ಹೋಯಿತು, ನಾತ ಮಾತ್ರ ಬಾಗಿಲ ಬಳಿಯೇ ಕದಲದೆ ನಿಂತಿತು. ಬೆಕ್ಕನ್ನು ಸಾಗಹಾಕಲು ಶಾರದೆ ಬುಟ್ಟಿ ತಂದಳು. ನಾನು ಬನ್ಸನ್ನು ಎದೆಗೊತ್ತಿಕೊಂಡೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಚಪ್ಪಲಿ ಸ್ಟ್ಯಾಂಡಿನ ಮುಂದೆ ಕೂತಿದ್ದ ಮಯೂರಿ, "ಪಪ್ಪಾ, ಯೇ ಕ್ಯಾ ಹೈ!" ಎಂದು ಕಿರುಚಿ ನಾನು ಹೋಟೆಲಿಗೆ ಹಾಕಿಕೊಂಡು ಹೋಗುವ ಬೂಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು.

ರುಬ್ಬುವ ಕೋಣೆಯ ನೆಲದ ಹಿಟ್ಟೆಲ್ಲ ದಿನದಿನವೂ ಬೂಟಿನ ಅಡಿಯ ಸಂದುಗಳಲ್ಲಿ ಸೇರಿಕೊಂಡು, ಮುಂಬಯಿಯ ಸೆಕೆಗೆ ಸೊಗಸಾಗಿ ಹುದುಗಿ, ಗುಳ್ಳೆಯನ್ನೂ ಬಿಟ್ಟಿತ್ತು. ಶಾರದೆ ಅದನ್ನು ನೋಡಿದಳು, ನನ್ನನ್ನು ನೋಡಿದಳು. "ಹದಕ್ಕ ಬಂದದ ನೋಡ್ರಿ. ಎರಡು ದ್ವಾಸಿ ಆಗ್ತಾವ," ಎಂದವಳೇ ನಗು ತಡೆಯಲಾರದೆ ಆ ಬುಟ್ಟಿಯ ಮೇಲೇ ಕುಸಿದು ಕೂತಳು.

ಬನ್ಸ್ ನಿರ್ದೋಷಿಯೆಂದು ಮನೆಯಲ್ಲುಳಿಯಿತು. ಬೂಟುಗಳನ್ನು ತೊಳೆದು ಒಣಗಿಸಿದರೂ ಶಾರದೆ ಒಳಗೆ ಸೇರಿಸದೆ ಗ್ಯಾಲರಿಗೆ, ಟ್ರೇಯ ಪಕ್ಕಕ್ಕೆ, ಗಡೀಪಾರು ಮಾಡಿದಳು. ಅಳಿದುಳಿದ ಹುಳಿಯೂ ಹೋಗಲೆಂದು ನಾನು ಅವುಗಳೊಳಗೆ ಮರದ ಗುಳಿಗೆ ತುಂಬಿಟ್ಟೆ. ಮರುದಿನ ಲೋಕಲ್ ರೈಲು ತಪ್ಪೀತೆಂಬ ಗಡಿಬಿಡಿಯಲ್ಲಿ ಗುಳಿಗೆ ಸುರಿಯಲು ಮರೆತು, ಸೀದಾ ಕಾಲು ತೂರಿಸಿದೆ.

ಯಾರಾದರೂ ಕೇಳಿದರೆ ಮರದ ಗುಳಿಗೆಯನ್ನೇ ಕೊಳ್ಳಿ ಎನ್ನುತ್ತೇನೆ. ಬೆಕ್ಕು ಅದರಲ್ಲಿ ಏನು ಮಾಡಿದರೂ ಚೂರೂ ವಾಸನೆ ಬರುವುದಿಲ್ಲ. ನನಗಂತೂ ಬೂಟಿನೊಳಗೆ ಕಾಲಿಟ್ಟ ಮೇಲೆಯೇ ಗೊತ್ತಾಯಿತು.